ಕಲ್ಲು ಹಾಸಿದರೆ ಪೇಟೆ ಬೀದಿಗೆ ಗಿರಾಕಿ ಬರುತ್ತಾರೆಯೇ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರ, ಪುರಸಭೆ ಇರುವ ಊರು. ಹಳೆಯ ಪೇಟೆ ಬೀದಿಯಲ್ಲಿ 74 ಮಳಿಗೆಗಳಿದ್ದು, ಈಗ 19ರ ಷಟರ್ ಮುಚ್ಚಿದೆ. ನಾಲ್ಕು ವರ್ಷಗಳ ಹಿಂದೆ ಬಸ್ ನಿಲ್ದಾಣವನ್ನು ಊರಾಚೆಯ ಹೆದ್ದಾರಿ ಪಕ್ಕಕ್ಕೆ ಒಯ್ದ ಮೇಲೆ ವ್ಯಾಪಾರ ಇಳಿಯಿತು. ಉಳಿದದ್ದನ್ನು ಮೊಬೈಲ್ ಖರೀದಿ ತಿಂದಿತು. ಈಗ ಪುರಸಭೆಯವರು ಒಂದೂವರೆ ಕೋಟಿ ರೂಪಾಯಿಯಲ್ಲಿ ಬೀದಿಗೆ ಕಲ್ಲು ಹಾಸಿ, ಅಲಂಕಾರದ ದೀಪಕಂಬ ನಿಲ್ಲಿಸಿ, ಎರಡೂ ತುದಿಗೆ ಸ್ವಾಗತ ಕಮಾನು ಕಟ್ಟುವ ಯೋಜನೆ ತಂದಿದ್ದಾರೆ. ನಾವು ಒಪ್ಪಬೇಕೇ? ವರ್ತಕರಿಗೆ ನೇರವಾಗಿ ಸಿಗುವ ಅನುದಾನಗಳಿವೆಯೇ? ರಸ್ತೆ ಬದಿಯ ಗಾಡಿಗಳನ್ನು ತೆರವು ಮಾಡಿಸದೆ ಬೀದಿ ಉದ್ಧಾರವಾಗದು ಎಂದು ನಮ್ಮಲ್ಲಿ ಕೆಲವರ ಪಟ್ಟು. ನಿಮ್ಮ ಅಭಿಪ್ರಾಯವೇನು?
— ವರ್ತಕರ ಸಂಘವೊಂದರ ಕಾರ್ಯದರ್ಶಿ

ಉತ್ತರ: ನಿಮ್ಮ ಪತ್ರ ಓದುವಾಗ ಒಂದೂವರೆ ಕೋಟಿಗಿಂತ ಮೊದಲು ನನ್ನ ಕಣ್ಣು ನಿಂತದ್ದು ‘ಬಸ್ ನಿಲ್ದಾಣವನ್ನು ಒಯ್ದ ಮೇಲೆ’ ಎಂಬ ಮಾತಿನ ಮೇಲೆ. ರೋಗದ ಹೆಸರನ್ನು ನೀವೇ ಬರೆದಿದ್ದೀರಿ. ಅಂಗಡಿಗಳ ಮುಂದೆ ಹಾದುಹೋಗುತ್ತಿದ್ದ ಕಾಲುಗಳು ಬೇರೆ ದಾರಿ ಹಿಡಿದಿವೆ. ಬಸ್ಸಿಳಿದ ಹಳ್ಳಿಯವರು ತಾಲ್ಲೂಕು ಕಚೇರಿಗೆ ಹೋಗುವ ದಾರಿಯಲ್ಲಿ ಕೊಡಪಾನದ ಬೆಲೆ ಕೇಳುತ್ತಿದ್ದರು, ಹಿಂತಿರುಗುವಾಗ ಕೊಂಡೊಯ್ಯುತ್ತಿದ್ದರು. ಈಗ ಅವರು ಹೆದ್ದಾರಿಯಲ್ಲಿ ಇಳಿದು, ಆಟೊ ಹತ್ತಿ, ಕೆಲಸ ಮುಗಿಸಿ, ಅಲ್ಲಿಂದಲೇ ಮರಳುತ್ತಾರೆ. ನಿಮ್ಮ ಪಾತ್ರೆ ಅಂಗಡಿಯ ಮೇಲೆ ಅವರಿಗೆ ಮುನಿಸಿಲ್ಲ. ಅದು ಅವರ ಕಣ್ಣಿಗೆ ಬೀಳುತ್ತಿಲ್ಲ, ಅಷ್ಟೇ.

ಇದೇ ಸಂಕಟ ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಎಂಬ ಪೇಟೆಗೆ ಬಂದಿತ್ತು. ಅಲ್ಲಿ ಟ್ರಾಮ್ ಓಡುತ್ತಿದ್ದಷ್ಟು ಕಾಲ ಜನ ಅಂಗಡಿ ನೋಡುತ್ತಲೇ ಪ್ರಯಾಣ ಮಾಡುತ್ತಿದ್ದರು. 1968ರಲ್ಲಿ ಸುರಂಗ ರೈಲು ಆ ಭಾಗಕ್ಕೂ ಬಂತು, ಪ್ರಯಾಣಿಕರು ನೆಲದಡಿಗೆ ಇಳಿದರು. ಅದೇ ಹೊತ್ತಿಗೆ ಹೊರವಲಯದ ಮಾಲ್‌ಗಳು ಕೈಬೀಸಿ ಕರೆಯುತ್ತಿದ್ದವು. ವರ್ತಕರು ಮೊದಲು ಸ್ವಯಂಪ್ರೇರಿತ ಚಂದಾ ಎತ್ತಿ ನೋಡಿದರು. ಕೊಡುವವರು ಕೊಟ್ಟರು, ಉಳಿದವರು ಪಕ್ಕದವರ ದುಡ್ಡಿನ ಬೆಳಕಿನಲ್ಲಿ ವ್ಯಾಪಾರ ಮಾಡಿದರು. ಇದು ನಿಮ್ಮ ಸಂಘಕ್ಕೂ ಹೊಸ ಅನುಭವವಿರಲಾರದು. ಕೊನೆಗೆ ಅವರೇ ಸರಕಾರದ ಬಾಗಿಲು ತಟ್ಟಿ, ‘ನಮ್ಮ ಬೀದಿಯ ಎಲ್ಲ ವರ್ತಕರ ಮೇಲೂ ಒಂದು ಸಣ್ಣ ಕರ ಹಾಕಿ, ತೆರಿಗೆಯ ಜೊತೆಗೇ ವಸೂಲು ಮಾಡಿ, ಆ ಹಣವನ್ನು ನಮ್ಮ ಬೀದಿಗೇ ಹಿಂತಿರುಗಿಸಿ’ ಎಂದು ಕೇಳಿದರು. 1970ರಲ್ಲಿ ಹೀಗೆ ಹುಟ್ಟಿದ ವ್ಯಾಪಾರಿ ವಲಯದ ವ್ಯವಸ್ಥೆ ಜಗತ್ತಿನಲ್ಲೇ ಮೊದಲನೆಯದು. ಇಂದು ಅನೇಕ ದೇಶಗಳ ಪೇಟೆಗಳು ಇದೇ ಪದ್ಧತಿಯಲ್ಲಿ ನಡೆಯುತ್ತಿವೆ. ಕರ ಹಾಕಿ ಎಂದು ವರ್ತಕರೇ ಕೇಳಿದರು ಎಂಬ ಸಂಗತಿಯನ್ನು ನಿಮ್ಮ ಮುಂದಿನ ಸಭೆಯಲ್ಲಿ ದಯವಿಟ್ಟು ಎಲ್ಲರಿಗೂ ಹೇಳಿ. ಇದಕ್ಕೆ ಮತ್ತೆ ಬರುತ್ತೇನೆ.

ಮೊದಲು ಕಲ್ಲಿನ ವಿಷಯ. ಕಲ್ಲು ಹಾಸುವುದನ್ನು ನಾನು ವಿರೋಧಿಸುವುದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಹೊಸ ರೂಪ ಪಡೆದಾಗ ಆ ಬೀದಿ ನಿಜಕ್ಕೂ ಅರಳಿತು. ಆದರೆ ಅಲ್ಲಿ ಕಲ್ಲಿಗಿಂತ ಮೊದಲೇ ಕಾಲುಗಳಿದ್ದವು: ಪಕ್ಕದಲ್ಲೇ ಮೆಟ್ರೊ ನಿಲ್ದಾಣ, ಸುತ್ತ ಕಚೇರಿಗಳು, ದಶಕಗಳಿಂದ ಜನರನ್ನು ಸೆಳೆಯುತ್ತಿದ್ದ ಪುಸ್ತಕದಂಗಡಿಗಳು. ಬಂದವರಿಗೆ ಕಲ್ಲಿನ ಹಾಸು ನೆಮ್ಮದಿಯ ನಡಿಗೆ ಕೊಟ್ಟಿತು. ಬಾರದವರನ್ನು ಕರೆತರುವ ಶಕ್ತಿ ಕಲ್ಲಿಗಿಲ್ಲ. ನಿಮ್ಮ ಬೀದಿಯಲ್ಲಿ ಇಂದು ಇಲ್ಲದಿರುವುದು ನಡೆಯುವವರು. ಅವರಿಲ್ಲದ ಬೀದಿಗೆ ಕಮಾನು ಕಟ್ಟಿದರೆ ಅದು ಉದ್ಘಾಟನೆಯ ದಿನದ ಫೋಟೊಗೆ ಒದಗುತ್ತದೆ, ಮಾರನೆಯ ದಿನದ ಬೋಣಿಗೆ ಒದಗುವುದಿಲ್ಲ.

ಆದ್ದರಿಂದ ಹಣವನ್ನು ಬೇಡವೆನ್ನಬೇಡಿ, ಅದರ ಪಟ್ಟಿಯನ್ನು ಬದಲಿಸಲು ಕೇಳಿ. ಕಾಮಗಾರಿಗೆಂದು ಬಂದ ಅನುದಾನವನ್ನು ಸಂಬಳಕ್ಕೋ ಸಾಲಕ್ಕೋ ತಿರುಗಿಸಲು ಪುರಸಭೆಗೆ ಸಾಮಾನ್ಯವಾಗಿ ಅಧಿಕಾರವಿರುವುದಿಲ್ಲ. ಅದನ್ನು ಕೇಳಿ ಮುಖ್ಯಾಧಿಕಾರಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸುವುದು ವ್ಯರ್ಥ. ಆದರೆ ಕಾಮಗಾರಿಯೊಳಗೇ ಆಯ್ಕೆಗಳಿವೆ. ಕಮಾನಿನ ಬದಲು ಹೆಂಗಸರಿಗೊಂದು ಶುಚಿಯಾದ ಶೌಚಾಲಯ ಕಟ್ಟಿಸಿ. ಇದನ್ನು ನಾನು ಎಲ್ಲ ಊರುಗಳಲ್ಲೂ ಹೇಳುತ್ತೇನೆ, ಎಲ್ಲ ಊರುಗಳಲ್ಲೂ ಸಭೆಯ ಗಂಡಸರು ಮುಖ ಮುಖ ನೋಡಿಕೊಳ್ಳುತ್ತಾರೆ. ಮದುವೆ ಜವಳಿ ತೆಗೆಯಲು ಬಂದ ಕುಟುಂಬಕ್ಕೆ ಮೂರು ಗಂಟೆಯಾದರೂ ಬೇಕು. ಆ ಮೂರು ಗಂಟೆಯಲ್ಲಿ ಅಜ್ಜಿ, ಬಸುರಿ ಮಗಳು, ಚಿಕ್ಕ ಮಗು ಎಲ್ಲಿಗೆ ಹೋಗಬೇಕು? ಅವರು ಜಿಲ್ಲಾ ಕೇಂದ್ರದ ದೊಡ್ಡ ಮಳಿಗೆಗೆ ಹೋಗುವುದಕ್ಕೆ ಅಲ್ಲಿನ ಸೀರೆಗಳಷ್ಟೇ ಕಾರಣವಲ್ಲ. ಶೌಚಾಲಯ, ಕುಡಿಯುವ ನೀರು, ನಾಲ್ಕು ಕಡೆ ನೆರಳಿನ ಕಟ್ಟೆ, ಮಳೆಯಲ್ಲಿ ಉಕ್ಕದ ಚರಂಡಿ: ಇಷ್ಟು ಮುಗಿದ ಮೇಲೆ ಉಳಿದ ದುಡ್ಡಿಗೆ ಕಲ್ಲು. ಇದರ ಜೊತೆಗೆ, ಸಾರಿಗೆ ಸಂಸ್ಥೆಯ ಘಟಕ ವ್ಯವಸ್ಥಾಪಕರಿಗೆ ಸಂಘದ ಅರ್ಜಿ ಹೋಗಲಿ. ಹಳ್ಳಿಗಳಿಂದ ಬರುವ ಬೆಳಗಿನ ಕೆಲವು ಬಸ್ಸುಗಳಿಗೆ ಪೇಟೆಯ ತುದಿಯಲ್ಲಿ ಒಂದು ಕೋರಿಕೆ ನಿಲುಗಡೆ ಸಿಕ್ಕಿದರೆ ಸಾಕು. ಅದಕ್ಕೆ ಖರ್ಚೇ ಇಲ್ಲ, ಫಲ ಮಾತ್ರ ಕಮಾನಿನ ಹತ್ತರಷ್ಟು.

ಕಾಮಗಾರಿ ನಡೆಯುವ ತಿಂಗಳುಗಳ ಬಗ್ಗೆ ಈಗಲೇ ಎಚ್ಚರ ವಹಿಸಿ. 2023ರಲ್ಲಿ ಬೆಂಗಳೂರಿನ ಗಾಂಧಿ ಬಜಾರ್ ಅಗೆದು ಬಿದ್ದಿದ್ದಾಗ ಅಲ್ಲಿನ ವರ್ತಕರು ಪ್ರತಿಭಟನೆಗಿಳಿದದ್ದನ್ನು ಪತ್ರಿಕೆಗಳಲ್ಲಿ ನೀವೂ ಓದಿರಬಹುದು. ಬೀದಿ ಸುಂದರವಾಗುವ ಹೊತ್ತಿಗೆ ಅಂಗಡಿ ಉಳಿದಿರಬೇಕಲ್ಲವೇ? ಅಮೆರಿಕದ ಸೇಂಟ್ ಪಾಲ್ ನಗರದಲ್ಲಿ ಯೂನಿವರ್ಸಿಟಿ ಅವೆನ್ಯೂ ಉದ್ದಕ್ಕೂ ಲಘು ರೈಲು ಮಾರ್ಗ ಹಾಕುವಾಗ, ನಷ್ಟ ಅನುಭವಿಸಿದ ಸಣ್ಣ ಅಂಗಡಿಗಳಿಗೆ 20,000 ಡಾಲರ್‌ವರೆಗೆ ಸಾಲ ಕೊಟ್ಟರು. ಅಂಗಡಿ ಆ ದಾರಿಯಲ್ಲೇ ಮುಂದುವರಿದರೆ ಸಾಲ ಮನ್ನಾ. ಇದು ನನಗೆ ಬಹಳ ಮೆಚ್ಚಿಗೆಯಾದ ಉಪಾಯ. ಸಹಾಯವೂ ಆಯಿತು, ಬೀದಿ ಬಿಟ್ಟು ಹೋಗದಂತೆ ಕಟ್ಟೂ ಆಯಿತು. ನಮ್ಮ ಪುರಸಭೆಗಳಲ್ಲಿ ಅಂಥ ನಿಧಿ ಇಲ್ಲ. ಆದರೆ ಷರತ್ತುಗಳನ್ನು ಬರಹದಲ್ಲಿ ಕೇಳಬಹುದು: ಒಮ್ಮೆಗೆ ನೂರು ಅಡಿ ಮಾತ್ರ ಅಗೆಯಬೇಕು, ಅದು ಮುಗಿಯದೆ ಮುಂದಿನ ನೂರಕ್ಕೆ ಗುದ್ದಲಿ ತಾಗಬಾರದು, ಗೌರಿ ಹಬ್ಬದಿಂದ ದೀಪಾವಳಿವರೆಗೆ ಕೆಲಸ ನಿಲ್ಲಬೇಕು, ಪ್ರತಿ ಅಂಗಡಿಗೂ ಹಲಗೆಯ ಕಾಲುದಾರಿ ಇರಬೇಕು, ಪುರಸಭೆಯದೇ ಮಳಿಗೆಗಳಿದ್ದರೆ ಅಷ್ಟು ತಿಂಗಳ ಬಾಡಿಗೆಯಲ್ಲಿ ರಿಯಾಯಿತಿ ಸಿಗಬೇಕು. ಟೆಂಡರಿಗೆ ಮುಂಚೆ ಕೇಳಿದರೆ ಇವು ಕರಾರಿನೊಳಗೆ ಸೇರುತ್ತವೆ. ಆಮೇಲೆ ಕೇಳಿದರೆ ಗುತ್ತಿಗೆದಾರನಿಗೆ ಮಾಡುವ ವಿನಂತಿಯಾಗಿ ಉಳಿಯುತ್ತವೆ.

ಈಗ ನಾನು ನಿಮಗೆ ಹೇಳಲೇಬೇಕೆಂದಿರುವ ಮುಖ್ಯ ಮಾತು. ನಿಮ್ಮ ಬೀದಿಗೆ ಎಲ್ಲಕ್ಕಿಂತ ಮೊದಲು ಬೇಕಿರುವುದು ಒಬ್ಬ ಮನುಷ್ಯ. ಬೆಳಗಿನಿಂದ ಸಂಜೆಯವರೆಗೆ ಆ ಬೀದಿಯನ್ನೇ ತನ್ನ ಕೆಲಸ ಎಂದುಕೊಂಡಿರುವ, ಸಂಬಳ ಪಡೆಯುವ ಒಬ್ಬರು. ಅಮೆರಿಕದಲ್ಲಿ 1977ರಲ್ಲಿ ಪಾರಂಪರಿಕ ಕಟ್ಟಡಗಳ ರಾಷ್ಟ್ರೀಯ ಟ್ರಸ್ಟ್ ಸಣ್ಣ ಊರುಗಳ ಪೇಟೆ ಬೀದಿಗಳನ್ನು ಉಳಿಸಲು ಮೂರು ಊರುಗಳನ್ನು ಪ್ರಯೋಗಕ್ಕೆ ಆರಿಸಿಕೊಂಡಿತು: ಗೇಲ್ಸ್‌ಬರ್ಗ್, ಮ್ಯಾಡಿಸನ್, ಹಾಟ್ ಸ್ಪ್ರಿಂಗ್ಸ್. ಮೂರರಲ್ಲೂ ಪೂರ್ಣಾವಧಿಯ ಒಬ್ಬೊಬ್ಬ ವ್ಯವಸ್ಥಾಪಕರಿದ್ದರು. ಆ ಅನುಭವದಿಂದ 1980ರಲ್ಲಿ ‘ಮೇನ್ ಸ್ಟ್ರೀಟ್’ ಕೇಂದ್ರ ಹುಟ್ಟಿ ದೇಶದ ಉದ್ದಗಲಕ್ಕೂ ಹರಡಿತು. ಅದರ ಇತರ ಅಂಶಗಳು ನಿಮಗೆ ಮುಖ್ಯವಲ್ಲ. ಆ ಒಬ್ಬ ವ್ಯಕ್ತಿ ಮುಖ್ಯ.

ಇದಕ್ಕೆ ನಾನು ಮತ್ತೆ ಮತ್ತೆ ನೆನೆಯುವ ಉದಾಹರಣೆ ಜಪಾನಿನದು. ದಕ್ಷಿಣದ ಮಿಯಾಝಾಕಿ ಪ್ರಾಂತ್ಯದಲ್ಲಿ ನಿಚಿನಾನ್ ಎಂಬ ಸಣ್ಣ ನಗರ. ಅದರ ಅಬುರಾತ್ಸು ಬಂದರು ಒಂದು ಕಾಲಕ್ಕೆ ಟ್ಯೂನಾ ಮೀನು ಮತ್ತು ದೇವದಾರು ಜಾತಿಯ ಮರದ ವ್ಯಾಪಾರದಿಂದ ಮೆರೆದದ್ದು. ಅಲ್ಲಿನ ಪೇಟೆ ಬೀದಿ ಎಷ್ಟು ಪಾಳುಬಿದ್ದಿತ್ತೆಂದರೆ ಸಾಲು ಸಾಲು ಷಟರುಗಳು ಮುಚ್ಚಿ, ಬೆಕ್ಕು ಕೂಡ ಸುಳಿಯದ ಹಾಗಿತ್ತು. 2013ರಲ್ಲಿ ನಗರಾಡಳಿತ ಒಂದು ವಿಚಿತ್ರ ಜಾಹೀರಾತು ಕೊಟ್ಟಿತು. ಬೀದಿಯನ್ನು ಮತ್ತೆ ಎಬ್ಬಿಸುವವರು ಬೇಕು. ತಿಂಗಳಿಗೆ ಒಂಬತ್ತು ಲಕ್ಷ ಯೆನ್. ಈ ಊರಿಗೇ ಬಂದು ವಾಸಿಸಬೇಕು. ನಾಲ್ಕು ವರ್ಷಗಳಲ್ಲಿ 20 ಹೊಸ ಅಂಗಡಿಗಳನ್ನು ತೆರೆಸಬೇಕು. 333 ಮಂದಿ ಅರ್ಜಿ ಹಾಕಿದರು. ಆಯ್ಕೆಯಾದವರು ಕಿಟೊ ರ್‍ಯೋತಾ ಎಂಬುವರು. ಅಷ್ಟು ಸಂಬಳವೇ ಎಂದು ಜನ ಹುಬ್ಬೇರಿಸಿದ್ದು ಸಹಜ. ಆದರೆ ಯೋಚಿಸಿ: ಒಂದು ಕಮಾನಿನ ಖರ್ಚಿಗೆ ಒಬ್ಬ ಸಮರ್ಥರನ್ನು ಎಷ್ಟು ಕಾಲ ಇರಿಸಿಕೊಳ್ಳಬಹುದು?

ಅವರು ಮೊದಲು ಎಬ್ಬಿಸಿದ ಅಂಗಡಿ ಯಾವುದು ಗೊತ್ತೇ? ಆ ಬೀದಿಯಲ್ಲಿ ಮುಚ್ಚಿಹೋಗಿದ್ದ ಒಂದು ಹಳೆಯ ಕಾಫಿ ಅಂಗಡಿ. ಊರಿನ ಹಲವರಿಗೆ ತಮ್ಮ ಎಳೆಯ ದಿನಗಳ ನೆನಪು ಅಂಟಿಕೊಂಡಿದ್ದ ಜಾಗ. ಅದನ್ನು ಹೊಸತಾಗಿ ತೆರೆದಾಗ ನೋಡಲು ಬಂದವರು ಬರಿಯ ಗಿರಾಕಿಗಳಾಗಿರಲಿಲ್ಲ, ಆ ಜಾಗದ ನೆನಪುಳ್ಳವರು. ಮುಂದೆ ಅವರು ಸ್ಥಳೀಯರೊಂದಿಗೆ ಸ್ವಂತ ಹಣ ಹಾಕಿ ಒಂದು ಸಣ್ಣ ಕಂಪನಿಯನ್ನೂ ಕಟ್ಟಿದರು. ಕೈಯಿಂದ ದುಡ್ಡು ಹಾಕಿದವನ ಮಾತಿಗೆ ಪೇಟೆಯಲ್ಲಿ ಬೇರೆಯೇ ತೂಕ, ಅದು ನಿಮಗೆ ನಾನು ಹೇಳಬೇಕಿಲ್ಲ. ನಾಲ್ಕು ವರ್ಷ ಮುಗಿಯುವಾಗ 20ರ ಗುರಿ ದಾಟಿ 29 ಹೊಸ ಮಳಿಗೆಗಳು ಬಾಗಿಲು ತೆರೆದಿದ್ದವು. ಅವೆಲ್ಲವೂ ಅಂಗಡಿಗಳಲ್ಲ, ಐಟಿ ಕಂಪನಿಗಳ ಕಚೇರಿಗಳೂ ಆ ಬೀದಿಗೇ ಬಂದು ಸ್ಥಳೀಯ ಯುವಕ ಯುವತಿಯರಿಗೆ ಕೆಲಸ ಕೊಟ್ಟವು. ಇಲ್ಲಿ ನಮಗೊಂದು ಹೊಳಹಿದೆ. ಮುಚ್ಚಿದ ಜವಳಿ ಅಂಗಡಿಗೆ ಮತ್ತೆ ಜವಳಿ ಅಂಗಡಿಯೇ ಬರಬೇಕೆಂದು ಹಟ ಬೇಡ. ನಿಮ್ಮ 19 ಷಟರುಗಳಲ್ಲಿ ಒಂದು ಗ್ರಾಮ ಒನ್ ಮಾದರಿಯ ಸೇವಾ ಕೇಂದ್ರವಾಗಲಿ, ಒಂದು ಹಲ್ಲಿನ ವೈದ್ಯರದಾಗಲಿ, ಒಂದು ಹೊಲಿಗೆ ತರಬೇತಿ ಮನೆಯಾಗಲಿ, ಒಂದರಲ್ಲಿ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ವಾಚನಾಲಯ ತೆರೆಯಲಿ. ದಿನಾ ಬರುವ ನಲವತ್ತು ಓದುಗರು ನಲವತ್ತು ಕಾಫಿ, ನಲವತ್ತು ಪೆನ್ನು, ಆಗೊಮ್ಮೆ ಈಗೊಮ್ಮೆ ಒಂದು ಅಂಗಿ.

ಒಂಬತ್ತು ಲಕ್ಷ ಯೆನ್ ನಮಗೆಲ್ಲಿ ಎಂದು ಕೇಳುತ್ತೀರಿ. ಟೊರಾಂಟೊದ ಮಾತಿಗೆ ಮರಳೋಣ. ತೆರೆದಿರುವ ನಿಮ್ಮ 55 ಮಳಿಗೆಗಳು ದಿನಕ್ಕೆ ಹತ್ತು ರೂಪಾಯಿ ಹಾಕಿದರೆ ತಿಂಗಳಿಗೆ 16,500 ರೂಪಾಯಿ. ಕಡ್ಡಾಯ ಕರದ ಕಾನೂನು ನಮ್ಮಲ್ಲಿಲ್ಲವಾದ್ದರಿಂದ ಇದು ಸಂಘದ ಶಿಸ್ತಿನಿಂದಲೇ ನಡೆಯಬೇಕು. ಪಿಗ್ಮಿ ಸಂಗ್ರಹದವರು ದಿನಾ ಸಂಜೆ ಗಲ್ಲಾದ ಮುಂದೆ ಬರುವಂತೆ ಬಂದು ತೆಗೆದುಕೊಂಡರೆ ಯಾರಿಗೂ ಭಾರವಾಗದು. ಪ್ರತಿ ತಿಂಗಳ ಜಮಾ-ಖರ್ಚನ್ನು ಬೀದಿಯ ಒಂದು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಿ. ಈ ಹಣಕ್ಕೆ ನಿಮ್ಮೂರಿನಲ್ಲೇ ಬಿ.ಕಾಂ. ಮುಗಿಸಿ ಮನೆಯಲ್ಲಿರುವ ಒಬ್ಬ ಚುರುಕಿನ ಹೆಣ್ಣುಮಗಳು ಸಿಗುತ್ತಾಳೆ. ಹೆಣ್ಣುಮಗಳು ಎಂದು ಬೇಕೆಂದೇ ಹೇಳುತ್ತಿದ್ದೇನೆ: ಪೇಟೆಗೆ ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಹೆಂಗಸರು, ಸಂಘದ ಸಭೆಗಳಲ್ಲಿ ಅವರ ದನಿ ಕೇಳುವುದೇ ಇಲ್ಲ.

ಆಕೆಯ ಮೊದಲ ಕೆಲಸ 19 ಬಾಗಿಲುಗಳು. ಪ್ರತಿಯೊಂದಕ್ಕೂ ಒಂದು ಹಾಳೆ: ಮಾಲೀಕರು ಯಾರು, ಎಲ್ಲಿದ್ದಾರೆ, ಏಕೆ ಮುಚ್ಚಿದೆ, ಮಾಡು ಸೋರುತ್ತದೆಯೇ, ವಿದ್ಯುತ್ ಮೀಟರ್ ಇದೆಯೇ, ಬಾಡಿಗೆ ಎಷ್ಟು ಕೇಳುತ್ತಾರೆ. ನಾನು ಕಂಡ ಊರುಗಳಲ್ಲಿ ಬಾಗಿಲು ಮುಚ್ಚಿರುವುದಕ್ಕೆ ಗಿರಾಕಿ ಇಲ್ಲದ್ದು ಒಂದೇ ಕಾರಣವಾಗಿರುವುದಿಲ್ಲ. ಅಣ್ಣತಮ್ಮಂದಿರ ಭಾಗದ ವ್ಯಾಜ್ಯ, ಬೆಂಗಳೂರಿನಲ್ಲಿರುವ ಮಗನಿಗೆ ಬಾಡಿಗೆಯ ಗೊಡವೆ ಬೇಡ, ಹತ್ತು ವರ್ಷದ ಹಿಂದಿನ ಮುಂಗಡದ ಆಸೆ ಬಿಟ್ಟಿಲ್ಲ, ಕೊಟ್ಟರೆ ಬಿಡಿಸಿಕೊಳ್ಳುವುದು ಹೇಗೆಂಬ ಭಯ. ಭಯಕ್ಕೆ ಮದ್ದು ಮಾಹಿತಿ. 14 ಚದರ ಮೀಟರ್ ಮೀರಿದ ವಾಣಿಜ್ಯ ಮಳಿಗೆಗಳು 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಅಲ್ಲಿ ನಡೆಯುವುದು ನೀವು ಬರೆದುಕೊಂಡ ಕರಾರು. ಊರಿನ ವಕೀಲರೊಬ್ಬರನ್ನು ಕೂರಿಸಿಕೊಂಡು ಒಳ್ಳೆಯ ಕರಾರಿನ ಒಂದು ಮಾದರಿಯನ್ನು ಸಂಘವೇ ಸಿದ್ಧಪಡಿಸಲಿ. ಮುಂಗಡದ ಆಸೆಗೆ ಇನ್ನೊಂದು ಮದ್ದಿದೆ. ಜಪಾನಿನದೇ ತಕಾಮಾತ್ಸು ನಗರದ ಮರುಗಾಮೆಮಾಚಿ ಬೀದಿಯಲ್ಲಿ ಭೂಮಾಲೀಕರು ಜಾಗವನ್ನು ಮಾರಲಿಲ್ಲ; 60 ವರ್ಷದ ಗೇಣಿಗೆ ತಮ್ಮದೇ ಬೀದಿಯ ಕಂಪನಿಗೆ ಕೊಟ್ಟು, ವ್ಯಾಪಾರ ಹೆಚ್ಚಾದರೆ ಹೆಚ್ಚು, ಕಡಿಮೆಯಾದರೆ ಕಡಿಮೆ ಬಾಡಿಗೆ ಎಂದು ಒಪ್ಪಿಕೊಂಡರು. ಬೀದಿ ಬೆಳೆಯಲಿ ಎಂಬುದು ಮಾಲೀಕನ ಸ್ವಾರ್ಥವೂ ಆಯಿತು. ನಿಮ್ಮಲ್ಲಿ ಅಷ್ಟು ದೊಡ್ಡದು ಬೇಡ. ಮೊದಲ ಆರು ತಿಂಗಳು ಬಾಡಿಗೆ ಇಲ್ಲ, ಮಾರಾಟದ ನೂರಕ್ಕೆ ಇಂತಿಷ್ಟು. ಆಮೇಲೆ ನಿಗದಿ ಬಾಡಿಗೆ. ವರ್ಷಗಟ್ಟಲೆ ಮುಚ್ಚಿ ಗೆದ್ದಲು ತಿನ್ನುತ್ತಿರುವ ಮಳಿಗೆಯ ಮಾಲೀಕರು ಇದನ್ನು ಕೇಳಿಸಿಕೊಳ್ಳುತ್ತಾರೆ, ಅವರ ಮನೆಗೆ ಹೋಗಿ ಕೂತು ಹೇಳುವವರು ಒಬ್ಬರಿದ್ದರೆ.

ನೇರ ಅನುದಾನದ ಪ್ರಶ್ನೆಗೆ ಬರುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯ ಮುಂಭಾಗ ದುರಸ್ತಿಗೆ ಅರ್ಧ ನೀನು ಹಾಕು ಅರ್ಧ ನಾನು ಕೊಡುತ್ತೇನೆ ಎನ್ನುವ, ಅಮೆರಿಕದ ನಗರಗಳಲ್ಲಿ ಸಾಮಾನ್ಯವಾದ ಅನುದಾನದಂಥದ್ದನ್ನು ನಮ್ಮ ಪುರಸಭೆಗಳಿಂದ ನಿರೀಕ್ಷಿಸಬೇಡಿ. ನಮ್ಮಲ್ಲಿರುವುದು ಹೆಚ್ಚಾಗಿ ಸಾಲ, ಬಡ್ಡಿ ರಿಯಾಯಿತಿ, ಸಾಲಕ್ಕೆ ಜೋಡಿಸಿದ ಸಹಾಯಧನ. 2021ರ ಜುಲೈಯಿಂದ ಚಿಲ್ಲರೆ ಮತ್ತು ಸಗಟು ವ್ಯಾಪಾರಿಗಳೂ ಸಣ್ಣ ಉದ್ಯಮಗಳ ಸರಕಾರಿ ನೋಂದಣಿಯಾದ ‘ಉದ್ಯಮ್’ ಮಾಡಿಸಿ ಬ್ಯಾಂಕಿನ ಆದ್ಯತಾ ವಲಯದ ಸಾಲಕ್ಕೆ ಅರ್ಹರು. ನೋಂದಣಿ ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಮುದ್ರಾ ಸಾಲಕ್ಕೆ ಅಡಮಾನ ಬೇಕಿಲ್ಲ: ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ, ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 20 ಲಕ್ಷದವರೆಗೆ. ನಿಮ್ಮ ಬೀದಿಯಲ್ಲಿ ಚಕ್ಕುಲಿ, ಹಪ್ಪಳ, ಚಟ್ನಿಪುಡಿ ಮಾಡಿ ಮಾರುವವರಿದ್ದರೆ ಅವರ ಭಾಗ್ಯ ಇನ್ನೂ ಚೆನ್ನಾಗಿದೆ. ಕಿರು ಆಹಾರ ಸಂಸ್ಕರಣೆಯ ಕೇಂದ್ರ ಯೋಜನೆಯಲ್ಲಿ ಘಟಕದ ವೆಚ್ಚದ ಶೇ 35 ಸಹಾಯಧನಕ್ಕೆ ರಾಜ್ಯ ಶೇ 15 ಸೇರಿಸುತ್ತದೆ, ಗರಿಷ್ಠ 15 ಲಕ್ಷ. ಇದನ್ನು ಇಲ್ಲಿ ನಡೆಸುವುದು ಕೆಪೆಕ್, ಅಂದರೆ ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ. ಅಕ್ಕಸಾಲಿಗರು, ದರ್ಜಿಗಳು, ಚಮ್ಮಾರರು, ಕ್ಷೌರಿಕರು, ಹೂಮಾಲೆ ಕಟ್ಟುವವರಿಗೆ ಪಿಎಂ ವಿಶ್ವಕರ್ಮದಲ್ಲಿ 15,000 ರೂಪಾಯಿಯ ಸಲಕರಣೆ ನೆರವು ಮತ್ತು ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಇದೆ. ಇನ್ನೊಂದನ್ನು ಬಹಳ ಸಂಘಗಳು ಮರೆಯುತ್ತವೆ: ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟ ಜಾತಿ-ಪಂಗಡಗಳಿಗೆ ಶೇ 24.10, ಇತರ ಹಿಂದುಳಿದ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ನಿಧಿಯನ್ನು ಮೀಸಲಿಡಬೇಕು. ಈ ವರ್ಗಗಳಿಗೆ ಸೇರಿದ ನಿಮ್ಮ ಬೀದಿಯ ವರ್ತಕರ ಹೆಸರಿನಲ್ಲಿ, ವಾರ್ಷಿಕ ಕ್ರಿಯಾಯೋಜನೆ ತಯಾರಾಗುವ ಮುನ್ನ, ಸ್ವ-ಉದ್ಯೋಗದ ನೆರವಿಗಾಗಿ ಅರ್ಜಿ ಸಲ್ಲಬೇಕು.

ಒಂದು ಎಚ್ಚರಿಕೆ. ಸಾಲಕ್ಕೆ ಜೋಡಿಸಿದ ಸಹಾಯಧನ ಮೊದಲ ದಿನವೇ ಕೈಗೆ ಬರುವ ಹಣವಲ್ಲ. ಕಿರು ಆಹಾರ ಯೋಜನೆಯಲ್ಲಿ ಅದು ಮೂರು ವರ್ಷ ಬ್ಯಾಂಕಿನಲ್ಲಿ ಕಾದಿದ್ದು, ಘಟಕ ನಡೆಯುತ್ತಿದ್ದು ಸಾಲ ಸರಿಯಾಗಿದ್ದರೆ ಮಾತ್ರ ಹೊಂದಾಣಿಕೆಯಾಗುತ್ತದೆ. ‘ಅರ್ಧ ದುಡ್ಡು ಸರಕಾರ ಕೊಡುತ್ತದೆ’ ಎಂದು ನಂಬಿ ಕೈಗಡ ಮಾಡಿ ಯಂತ್ರ ತಂದು ನರಳಿದ ಒಬ್ಬ ತಾಯಿಯನ್ನು ನಾನು ಬಲ್ಲೆ. ಆಕೆಗೆ ಯಾರೂ ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿರಲಿಲ್ಲ ಅಷ್ಟೇ. ನಿಮ್ಮ ಬೀದಿಯ ಆ ಬಿ.ಕಾಂ. ಹುಡುಗಿ ಇಲ್ಲೇ ತನ್ನ ಸಂಬಳದ ಹತ್ತರಷ್ಟು ಕೆಲಸ ಮಾಡುತ್ತಾಳೆ: ಅರ್ಜಿ ತುಂಬುವುದು, ಬ್ಯಾಂಕಿಗೆ ಜೊತೆ ಹೋಗುವುದು, ಷರತ್ತುಗಳನ್ನು ಕನ್ನಡದಲ್ಲಿ ಓದಿ ಹೇಳುವುದು. ಅನುದಾನಗಳು ಕಡಿಮೆಯಿಲ್ಲ, ಅವುಗಳ ಮತ್ತು ಗಲ್ಲಾದ ಹಿಂದೆ ಕೂತವನ ನಡುವೆ ನಡೆಯುವ ಕಾಲುಗಳು ಕಡಿಮೆ.

ಕ್ಯೂಆರ್ ಕೋಡಿನ ಭಯವನ್ನೂ ಆಕೆ ಬಿಡಿಸಲಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ಸಣ್ಣ ವರ್ತಕರಿಗೆ ತೆರಿಗೆ ನೋಟಿಸ್ ಬಂದ ಮೇಲೆ ಎಷ್ಟೋ ಅಂಗಡಿಗಳು ‘ಯುಪಿಐ ಇಲ್ಲ’ ಎಂದು ಚೀಟಿ ಅಂಟಿಸಿದವು. ಕಿಸೆಯಲ್ಲಿ ನಗದು ಇಟ್ಟುಕೊಳ್ಳದ ಇಪ್ಪತ್ತೈದರ ಹುಡುಗನಿಗೆ ಆ ಚೀಟಿ ಮುಚ್ಚಿದ ಬಾಗಿಲಿನಂತೆಯೇ ಕಾಣುತ್ತದೆ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ಅದನ್ನು ಮೀರಿದವರು, ಒಂದೂವರೆ ಕೋಟಿಯೊಳಗಿದ್ದರೆ, ರಾಜಿ ತೆರಿಗೆ ಪದ್ಧತಿಯಲ್ಲಿ ಶೇ 1 ಕಟ್ಟಿ ನೆಮ್ಮದಿಯಿಂದಿರಬಹುದು. ತಿಂಗಳಿಗೊಮ್ಮೆ ಒಬ್ಬ ಲೆಕ್ಕಪರಿಶೋಧಕರನ್ನು ಕರೆಸಿ ಸಂಘದ ಕೋಣೆಯಲ್ಲಿ ಕೂರಿಸಿದರೆ ಅರ್ಧ ಭಯ ಅಂದೇ ಇಳಿಯುತ್ತದೆ.

ಗಾಡಿಯವರ ವಿಷಯದಲ್ಲಿ ನಿಮ್ಮ ಕೆಲವು ಸದಸ್ಯರ ಮಾತನ್ನು ನಾನು ಒಪ್ಪುವುದಿಲ್ಲ, ಮತ್ತು ಇದನ್ನು ಮೆದುವಾಗಿ ಹೇಳಲು ಮನಸ್ಸಿಲ್ಲ. ಹೂವಿನವಳು, ಸೊಪ್ಪಿನವಳು, ಬಾಳೆಹಣ್ಣಿನವನು ನಿಮ್ಮ ಬೀದಿಗೆ ದಿನಾ ಕಾಲುಗಳನ್ನು ತರುತ್ತಿರುವ ಕೊನೆಯ ಜನ. ಸೀರೆ ಕೊಳ್ಳಲು ಯಾರೂ ದಿನಾ ಬರುವುದಿಲ್ಲ. ಹೂವು ಕೊಳ್ಳಲು ಬರುತ್ತಾರೆ. ಗಾಂಧಿ ಬಜಾರಿನ ಹೂವು ಹಣ್ಣಿನ ಸಾಲನ್ನು ತೆಗೆದುಬಿಟ್ಟರೆ ಅದು ಗಾಂಧಿ ಬಜಾರಾಗಿ ಉಳಿಯುವುದೇ? ಕಾನೂನೂ ಅವರ ಪರವಾಗಿದೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇರುವವರನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರು. ನಿಮ್ಮ ಪುರಸಭೆಯಲ್ಲಿ ಆ ಸಮಿತಿ ಸಭೆ ಸೇರುತ್ತಿದೆಯೇ, ಮೊದಲು ವಿಚಾರಿಸಿ. ಅಂಗಡಿಯ ಮೆಟ್ಟಿಲಿಗೆ ಅಡ್ಡವಾಗುವ ಗಾಡಿಯ ತಕರಾರು ನಿಜ. ಅದಕ್ಕೆ ಪರಿಹಾರ ಬಣ್ಣದ ಗೆರೆ. ಎರಡು ಅಂಗಡಿಗಳ ನಡುವಿನ ಗೋಡೆಯ ನೇರಕ್ಕೆ ಆರು ಅಡಿ ಅಗಲದ ಜಾಗ ಗುರುತಿಸಿ ಹೆಸರು ಹಚ್ಚಿಕೊಡಿ. ಅವರಿಗೆ ಪಿಎಂ ಸ್ವನಿಧಿಯ ಸಾಲ ಕೊಡಿಸಲು ಸಂಘವೇ ನೆರವಾಗಲಿ: 2025ರ ಪರಿಷ್ಕರಣೆಯ ನಂತರ ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000, ಸಕಾಲಕ್ಕೆ ತೀರಿಸಿದರೆ ಶೇ 7 ಬಡ್ಡಿ ಸಹಾಯ. ಗಾಡಿಯವರೂ ದಿನಕ್ಕೆ ಎರಡು ರೂಪಾಯಿ ಹಾಕಿ ಸಂಘದ ಸದಸ್ಯರಾಗಲಿ. ಆಗ ಕಸ ಗುಡಿಸುವ ಹೊಣೆಯೂ ಹಂಚಿಹೋಗುತ್ತದೆ.

ಹಬ್ಬ, ಮೇಳಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಊರಿನ ಜಾತ್ರೆ ಗೊತ್ತಿರುವ ನಿಮಗೆ ಅದನ್ನು ಕಲಿಸಬೇಕಿಲ್ಲ. ಬೆಂಗಳೂರಿನ ವಿ.ವಿ. ಪುರದ ತಿಂಡಿ ಬೀದಿಯ ಅವರೆಬೇಳೆ ಮೇಳವನ್ನು ಯಾವ ಇಲಾಖೆಯೂ ಹುಟ್ಟಿಸಲಿಲ್ಲ, ಆ ಬೀದಿಯ ಒಂದು ತಿಂಡಿ ಅಂಗಡಿಯವರು ಶುರು ಮಾಡಿದರು ಎಂಬುದನ್ನು ನೆನಪಿಸುತ್ತೇನೆ. ಇನ್ನೊಂದು, ಜಪಾನಿನ ಒಕಾಝಾಕಿಯಲ್ಲಿ 2003ರಲ್ಲಿ ಆರಂಭವಾದ ಪದ್ಧತಿ: ವರ್ತಕರು ತಮ್ಮ ಅಂಗಡಿಯಲ್ಲೇ ಐದಾರು ಮಂದಿಯನ್ನು ಕೂರಿಸಿಕೊಂಡು ತಮಗೆ ಗೊತ್ತಿರುವುದನ್ನು ಉಚಿತವಾಗಿ ಕಲಿಸುತ್ತಾರೆ, ಆ ಹೊತ್ತಿನಲ್ಲಿ ಮಾರುವಂತಿಲ್ಲ. ನಿಮ್ಮ ಗ್ರಂಧಿಗೆ ಅಂಗಡಿಯ ಹಿರಿಯರಿಗೆ ಗೊತ್ತಿರುವ ಬೇರು ನಾರುಗಳ ಜ್ಞಾನ, ಜವಳಿಯವರಿಗೆ ಗೊತ್ತಿರುವ ರೇಷ್ಮೆಯ ಪರೀಕ್ಷೆ, ಪಾತ್ರೆಯವರಿಗೆ ಗೊತ್ತಿರುವ ಕಲಾಯಿಯ ಗುಟ್ಟು, ಇವನ್ನು ಯಾವ ಮೊಬೈಲ್ ಮಾರಾಟಗಾರನೂ ಕೊಡಲಾರ. ಒಂದು ಗಂಟೆ ನಿಮ್ಮ ಅಂಗಡಿಯಲ್ಲಿ ಕೂತು ಕಲಿತವರು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆ.

ಮುಖ್ಯಾಧಿಕಾರಿಗಳನ್ನು ಭೇಟಿಯಾಗುವ ಮುನ್ನ ಒಂದು ಕೆಲಸ ಮಾಡಿ. ಹದಿನೈದು ದಿನ, ಬೆಳಿಗ್ಗೆ ಹತ್ತರಿಂದ ಹನ್ನೊಂದು, ಸಂಜೆ ಐದರಿಂದ ಏಳು, ಬೀದಿಯ ಎರಡೂ ತುದಿಯಲ್ಲಿ ಇಬ್ಬರು ಕಾಲೇಜು ಹುಡುಗರನ್ನು ಕೂರಿಸಿ ಹಾದುಹೋಗುವವರನ್ನು ಎಣಿಸಿ: ಹೆಂಗಸರು ಎಷ್ಟು, ಗಂಡಸರು ಎಷ್ಟು, ಕೈಯಲ್ಲಿ ಚೀಲ ಹಿಡಿದವರು ಎಷ್ಟು, ಸಂತೆಯ ದಿನ ಎಷ್ಟು, ಉಳಿದ ದಿನ ಎಷ್ಟು. ಮನವಿಗೆ ಆ ಎಣಿಕೆಯನ್ನೂ 19 ಬಾಗಿಲುಗಳ ಹಾಳೆಗಳನ್ನೂ ಜೋಡಿಸಿ. ಅದರ ಒಂದು ನಕಲನ್ನು ನನಗೂ ಕಳುಹಿಸಿ. ಕಾಮಗಾರಿಯ ಪಟ್ಟಿಯಲ್ಲಿ ಏನನ್ನು ಬಿಡಬಹುದು, ಏನನ್ನು ಸೇರಿಸಬೇಕು ಎಂಬುದನ್ನು ಅದನ್ನು ಮುಂದಿಟ್ಟುಕೊಂಡೇ ಬರೆಯುತ್ತೇನೆ.